ಕಂಪಾರಿಯ ಕೆಂಪು: ಕಲೆಯ ಹೆಸರಿನಲ್ಲಿ ಮದ್ಯಪ್ರಚಾರ

ಮದ್ಯದಂಗಡಿಯ ಫಲಕವನ್ನು ಕಂಡು ಮುಖ ತಿರುಗಿಸಿ ಹೋಗುವ ಸಜ್ಜನರೇ ಮದ್ಯದ ಹಳೆಯ ಭಿತ್ತಿಪತ್ರವೊಂದಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುವ ಕಾಲ ಬಂದಿದೆ. ಕೇಳಿದರೆ, ಅದು ಜಾಹೀರಾತಲ್ಲ, ಕಲಾಕೃತಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಿನ್ಯಾಸಕಲೆಯ ಶಾಲೆಗಳಲ್ಲಿ ಅಂತಹ ಚಿತ್ರಗಳು ಪಾಠವಾಗಿವೆ. ವಸ್ತುಸಂಗ್ರಹಾಲಯಗಳಲ್ಲಿ ಅವು ಗಾಜಿನ ಹಿಂದೆ ರಾರಾಜಿಸುತ್ತಿವೆ. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಒಂದೇ ನಿದರ್ಶನ ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ನಿದರ್ಶನ ಇಟಲಿಯ ಕಂಪಾರಿ ಎಂಬ ಮದ್ಯ. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಮದ್ಯದ ಪ್ರಚಾರಕ್ಕೆಂದು ಇಷ್ಟು ದೀರ್ಘಕಾಲ, ಇಷ್ಟು ಶ್ರೇಷ್ಠ ಕಲಾವಿದರನ್ನು ತೊಡಗಿಸಿದ ಸಂಸ್ಥೆಗಳು ವಿರಳ. ಕಲೆಯ ಪರವಾದ ವಾದ ಎಲ್ಲಿಯಾದರೂ ಗೆಲ್ಲುವುದಾದರೆ ಇಲ್ಲಿ ಗೆಲ್ಲಬೇಕು. ಇಲ್ಲಿಯೂ ಅದು ಗೆಲ್ಲುವುದಿಲ್ಲವೆಂಬುದು ನಮ್ಮ ಪ್ರತಿಪಾದನೆ.

ಅಂಗಡಿಯಿಂದ ಬೀದಿಗೆ

ಊಟಕ್ಕೆ ಮುನ್ನ ಹಸಿವನ್ನು ಕೆರಳಿಸಲೆಂದು ಕುಡಿಯುವ ಮದ್ಯಕ್ಕೆ ಇಟಲಿಯಲ್ಲಿ 'ಅಪೆರಿಟಿವೊ' ಎಂದು ಹೆಸರು. ಗಾಸ್ಪಾರೆ ಕಂಪಾರಿ ಎಂಬಾತನು 1860ರಲ್ಲಿ ನೊವಾರಾ ಪಟ್ಟಣದಲ್ಲಿ ಕಹಿ ಮೂಲಿಕೆಗಳನ್ನೂ ಹಣ್ಣುಗಳನ್ನೂ ಮದ್ಯಸಾರದಲ್ಲಿ ನೆನೆಸಿ ತಯಾರಿಸಿದ ಕೆಂಪು ಪೇಯವು ಅವನ ಹೆಸರನ್ನೇ ಪಡೆಯಿತು. 1867ರಲ್ಲಿ ಮಿಲಾನಿನ ಪ್ರಧಾನ ಚರ್ಚಿನ ಎದುರು, ವಿಟ್ಟೋರಿಯೊ ಎಮಾನುವೇಲೆ ದೊರೆಯ ಹೆಸರಿನ ಗಾಜಿನ ಮೇಲ್ಛಾವಣಿಯ ಮಾರುಕಟ್ಟೆ ತೆರೆದಾಗ ಅಲ್ಲಿ ಅವನ ಅಂಗಡಿಯೂ ತೆರೆಯಿತು. ಅದೇ ವರ್ಷ ಹುಟ್ಟಿದ ಮಗ ದಾವಿದೆ ಕಂಪಾರಿಯು ಮುಂದೆ ಈ ವ್ಯಾಪಾರದ ಸ್ವರೂಪವನ್ನೇ ಬದಲಿಸಿದನು. ತಂದೆಯ ಗುಟ್ಟು ಪಾಕದಲ್ಲಿತ್ತು, ಮಗನದು ಪ್ರಚಾರದಲ್ಲಿ. 1904ರಲ್ಲಿ ಮಿಲಾನಿನ ಹೊರವಲಯದ ಸೆಸ್ತೊ ಸಾನ್ ಜೊವಾನ್ನಿಯಲ್ಲಿ ಕಾರ್ಖಾನೆ ಎದ್ದಿತು. ಈ ಮದ್ಯವನ್ನು ಕೊಳ್ಳುವ ಅಂಗಡಿಯವನು ಅದರ ಫಲಕವನ್ನೂ ತನ್ನ ಬಾಗಿಲಿಗೆ ಹಾಕಲೇಬೇಕೆಂಬ ನಿಬಂಧನೆ ಸೇರಿತು. ಹೀಗೆ ಕೊಂಡವನೇ ಕೂಲಿಯಿಲ್ಲದ ಪ್ರಚಾರಕನಾದನು.

ಆದರೆ ಫಲಕವು ಅಂಗಡಿಯ ಬಾಗಿಲನ್ನು ದಾಟುವುದಿಲ್ಲ. ಬೀದಿಯಲ್ಲಿ ನಡೆದುಹೋಗುವವನ, ಕುಡಿಯುವ ಯೋಚನೆಯೇ ಇಲ್ಲದವನ ಕಣ್ಣನ್ನು ಸೆಳೆಯಲು ಚಿತ್ರ ಬೇಕು. ಸುಮಾರು 1900ರ ವೇಳೆಗೆ ಮಾರ್ಚೆಲ್ಲೊ ದುದೊವಿಚ್ ಎಂಬ ಚಿತ್ರಕಾರನು ಆಲಿಂಗನದಲ್ಲಿರುವ ಯುವಜೋಡಿಯೊಂದನ್ನು ಮುಡಿಯಿಂದ ಅಡಿಯವರೆಗೆ ಕೆಂಪಿನಲ್ಲಿಯೇ ಬರೆದನು. ಪೇಯದ ರುಚಿಯಾಗಲಿ, ಗುಣವಾಗಲಿ ಆ ಚಿತ್ರದಲ್ಲಿಲ್ಲ. ಅಲ್ಲಿರುವುದು ರಾಗವೊಂದೇ. ಮದ್ಯಕ್ಕೂ ಪ್ರೇಮಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಬಣ್ಣದ ಬಲದಿಂದ ಆ ಎರಡನ್ನೂ ಗಂಟುಹಾಕುವ ಪದ್ಧತಿಗೆ ಅಲ್ಲಿಂದ ಮೊದಲಾಯಿತು.

ಈ ಪದ್ಧತಿಯನ್ನು ಶಾಸ್ತ್ರವನ್ನಾಗಿ ಮಾಡಿದವನು ಲಿವೊರ್ನೊದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಲಿಯೊನೆತ್ತೊ ಕಪ್ಪಿಯೆಲ್ಲೊ. ಮಾರುವ ವಸ್ತುವಿಗೂ ಚಿತ್ರಕ್ಕೂ ಸಹಜ ಸಂಬಂಧವಿರಬೇಕಾಗಿಲ್ಲ, ನೋಡಿದವನು ಮರೆಯಲಾಗದಂತಹ ಒಂದು ವಿಚಿತ್ರ ಆಕೃತಿಯಿದ್ದರೆ ಸಾಕು ಎಂಬುದು ಅವನ ಕ್ರಮ. 1903ರಲ್ಲಿ ಅವನು ಚಾಕಲೇಟಿಗಾಗಿ ಕೆಂಪು ಕುದುರೆಯನ್ನೇರಿದ ಹಸುರುಡುಗೆಯ ಹೆಂಗಸನ್ನು ಬರೆದಿದ್ದನು. 1921ರಲ್ಲಿ ಕಂಪಾರಿಗಾಗಿ ಬರೆದದ್ದು ಸುರುಳಿಯಾದ ಕಿತ್ತಳೆಸಿಪ್ಪೆಯೊಳಗೆ ನಗುತ್ತ ಕುಣಿಯುವ, ಕೈಯಲ್ಲಿ ಸೀಸೆ ಹಿಡಿದ ಕೆಂಪು ಕುಳ್ಳನನ್ನು. ಹಿನ್ನೆಲೆ ಕಗ್ಗತ್ತಲು. ಚಿತ್ರ ಸುಂದರವಾಗಿದೆಯೆಂಬುದನ್ನು ಒಪ್ಪಲೇಬೇಕು. ಮಕ್ಕಳ ಕಥೆಪುಸ್ತಕದಿಂದ ಎದ್ದುಬಂದಂತಿರುವ ಆ ಆಕೃತಿಯನ್ನು ಕಂಡು ಯಾರಿಗೂ ಹೆದರಿಕೆಯಾಗದು. ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ಶೇಕಡಾ 25ರಷ್ಟು ಮದ್ಯಸಾರವಿರುವ ಪೇಯವೊಂದು ಹಣ್ಣಿನ ಸಿಪ್ಪೆಯೊಳಗಿನ ಆಟಿಕೆಯಾಗಿ ಕಾಣಿಸಿಕೊಂಡಿತು. ಮದ್ಯಕ್ಕೆ ಸಹಜವಾಗಿಯೇ ಹತ್ತಿಕೊಂಡಿದ್ದ ಭಯವೂ ಹೇಸಿಕೆಯೂ ಆ ಚಿತ್ರದಿಂದ ತೊಳೆದುಹೋದವು.

ಕಲಾವಿದನ ವಾದ

ಇದುವರೆಗಿನ ಚಿತ್ರಕಾರರು ಕೂಲಿಗಾಗಿ ಬರೆದರೆಂದು ಬಿಡಬಹುದು. ಫೊರ್ತುನಾತೊ ದೆಪೆರೊ ಅವರಂತಲ್ಲ. ಆತನು ಭವಿಷ್ಯವಾದಿಗಳೆಂಬ ಕಲಾಪಂಥಕ್ಕೆ ಸೇರಿದವನು. ತಾನು ಮಾಡುತ್ತಿರುವುದು ಏನೆಂದು ತಿಳಿದು, ಅದನ್ನು ಸಮರ್ಥಿಸಿ ಬರೆದವನು. 1926ರ ವೆನಿಸ್ ಬಿಯೆನಾಲೆ ಪ್ರದರ್ಶನದಲ್ಲಿ ಅವನು ತೂಗುಹಾಕಿದ ಚಿತ್ರವೊಂದರ ವಸ್ತುವೇ ಸೋಡಾ ಬೆರೆಸಿದ ಕಂಪಾರಿ. ಜಾಹೀರಾತು ಬೀದಿಯ ಗೋಡೆಯನ್ನು ಬಿಟ್ಟು ಕಲಾಪ್ರದರ್ಶನದ ಗೋಡೆಯನ್ನೇರಿತು. 1931ರಲ್ಲಿ ಕಂಪಾರಿಯ ಹೆಸರನ್ನೇ ಹೊತ್ತ ವಿಶೇಷ ಪ್ರಕಟಣೆಯೊಂದನ್ನು ಹೊರತಂದು ಅವನು ತನ್ನ ಸಿದ್ಧಾಂತವನ್ನು ಮಂಡಿಸಿದನು. ಹಿಂದಿನ ಕಲೆಯೆಲ್ಲವೂ ರಾಜರನ್ನೂ ಯುದ್ಧಗಳನ್ನೂ ಧರ್ಮಗಳನ್ನೂ ಹೊಗಳುವ ಪ್ರಚಾರವೇ ಆಗಿತ್ತು. ಇನ್ನು ಮುಂದೆ ಕಲೆಯು ಕೈಗಾರಿಕೆಯನ್ನೂ ಅದರ ಸರಕುಗಳನ್ನೂ ಹೊಗಳಬೇಕು ಎಂಬುದು ಅದರ ಸಾರಾಂಶ.

ಈ ವಾದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ದೇವಾಲಯದ ಶಿಲ್ಪಕ್ಕೂ ದಾನಿಯೊಬ್ಬನಿದ್ದನು, ಅವನ ಹೆಸರೂ ಶಾಸನದಲ್ಲಿದೆ ಎಂಬುದು ನಿಜ. ಶ್ರವಣಬೆಳಗೊಳದ ಬಾಹುಬಲಿಯ ಪಾದದ ಬಳಿ ಚಾವುಂಡರಾಯನ ಹೆಸರು ಕೆತ್ತಲ್ಪಟ್ಟಿದೆ. ಆದರೆ ಆ ಮೂರ್ತಿಯ ಮುಂದೆ ನಿಂತವನು ಏನನ್ನು ಕೊಳ್ಳಬೇಕು? ಅದು ನೋಡುವವನಲ್ಲಿ ಹೊಸ ಬಯಕೆಯೊಂದನ್ನು ಹುಟ್ಟಿಸುವುದಿಲ್ಲ. ಇರುವ ಬಯಕೆಗಳನ್ನು ಕಳಚಿಕೊಳ್ಳುವ ದಾರಿಯನ್ನು ತೋರಿಸುತ್ತದೆ. ಜಾಹೀರಾತಿನ ಸಾಫಲ್ಯವೆಂದರೆ ನೋಡಿದವನಿಗೆ ನಿನ್ನೆ ಇಲ್ಲದಿದ್ದ ಕೊರತೆಯೊಂದು ಇಂದು ಕಾಣಿಸಿಕೊಳ್ಳುವುದು. ಎರಡಕ್ಕೂ ಕಲ್ಲು, ಬಣ್ಣ, ಕೌಶಲ ಬೇಕೆಂಬ ಮಾತ್ರಕ್ಕೆ ಎರಡೂ ಒಂದೇ ಎನ್ನುವುದು, ಔಷಧಕ್ಕೂ ವಿಷಕ್ಕೂ ಸೀಸೆ ಬೇಕಾದ್ದರಿಂದ ಎರಡೂ ಒಂದೇ ಎಂದಂತೆ.

ದೆಪೆರೊ ಚಿತ್ರಕ್ಕೇ ನಿಲ್ಲಲಿಲ್ಲ. 1932ರಲ್ಲಿ ಮಾರುಕಟ್ಟೆಗೆ ಬಂದ 'ಕಂಪಾರಿ ಸೋಡಾ'ದ ಸೀಸೆ ಅವನ ವಿನ್ಯಾಸದಿಂದ ಹುಟ್ಟಿದ್ದು. ತಲೆಕೆಳಗಾದ ಬಟ್ಟಲಿನಾಕಾರದ, 98 ಮಿಲಿಲೀಟರಿನ ಆ ಪುಟ್ಟ ಸೀಸೆಯ ಮೇಲೆ ಕಾಗದದ ಚೀಟಿಯಿಲ್ಲ. ಹೆಸರು ಗಾಜಿನಲ್ಲಿಯೇ ಉಬ್ಬಿದೆ. ಒಳಗಿನ ಕೆಂಪೇ ಅದರ ಜಾಹೀರಾತು. ಸೋಡಾವನ್ನು ಮೊದಲೇ ಬೆರೆಸಿ, ಒಬ್ಬನಿಗೆ ಒಂದು ಸಲಕ್ಕೆ ಸಾಕಾಗುವಷ್ಟನ್ನೇ ತುಂಬಿ ಮಾರುವ ಈ ಏರ್ಪಾಟಿನಿಂದ ಕುಡಿತಕ್ಕಿದ್ದ ಸಣ್ಣಪುಟ್ಟ ಅಡ್ಡಿಗಳೂ ಸರಿದುಹೋದವು. ದೊಡ್ಡ ಸೀಸೆ ಕೊಳ್ಳಬೇಕಾಗಿಲ್ಲ, ಅಳೆಯಬೇಕಾಗಿಲ್ಲ, ಬೆರೆಸಬೇಕಾಗಿಲ್ಲ. ವಿನ್ಯಾಸಕಲೆಯ ವಿದ್ಯಾರ್ಥಿಗಳು ಇದನ್ನು ಸರಳತೆಯ ಆದರ್ಶವೆಂದು ಮೆಚ್ಚುತ್ತಾರೆ. ವ್ಯಸನದ ಮೆಟ್ಟಿಲನ್ನು ತಗ್ಗಿಸಿದ ಸರಳತೆಯದು.

ಸುರಂಗದಿಂದ ಚಲನಚಿತ್ರಕ್ಕೆ

1964ರ ನವೆಂಬರಿನಲ್ಲಿ ಮಿಲಾನಿನ ಮೊದಲ ಸುರಂಗ ರೈಲುಮಾರ್ಗ ತೆರೆದಾಗ ಬ್ರೂನೊ ಮುನಾರಿ ಎಂಬ ಖ್ಯಾತ ವಿನ್ಯಾಸಕಾರನು ಕಂಪಾರಿ ಎಂಬ ಹೆಸರನ್ನೇ ಬಗೆಬಗೆಯಾಗಿ ಕತ್ತರಿಸಿ, ಅಂಟಿಸಿ, ಕೆಂಪು ಹಿನ್ನೆಲೆಯಲ್ಲಿ ಭಿತ್ತಿಪತ್ರವೊಂದನ್ನು ಮಾಡಿದನು. ಅದು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿದೆ. ಚಲಿಸುವ ಪ್ರಯಾಣಿಕನು ಪೂರ್ತಿ ಓದಬೇಕಾಗಿಲ್ಲ, ಒಂದು ತುಂಡು ಕಣ್ಣಿಗೆ ಬಿದ್ದರೂ ಹೆಸರು ಮನಸ್ಸಿನಲ್ಲಿ ತಾನಾಗಿಯೇ ಪೂರ್ಣವಾಗಬೇಕು ಎಂಬುದು ಅದರ ಯುಕ್ತಿ. ಸೀಸೆಯಿಲ್ಲ, ಬಟ್ಟಲಿಲ್ಲ, ಮನುಷ್ಯಾಕೃತಿಯೂ ಇಲ್ಲ. ಅರುವತ್ತು ವರ್ಷಗಳ ಪ್ರಚಾರದಿಂದ ಪಳಗಿದ ಕಣ್ಣಿಗೆ ಇನ್ನು ವಾದವೂ ಬೇಕಾಗಿರಲಿಲ್ಲ, ನೆನಪೊಂದೇ ಸಾಕಾಗಿತ್ತು. ಆ ಸುರಂಗದಲ್ಲಿ ಶಾಲೆಗೆ ಹೋಗುವ ಮಕ್ಕಳೂ ಓಡಾಡುತ್ತಿದ್ದರು.

1984ರಲ್ಲಿ ಜಗತ್ಪ್ರಸಿದ್ಧ ಚಿತ್ರನಿರ್ದೇಶಕ ಫೆದೆರಿಕೊ ಫೆಲ್ಲಿನಿಯು ಈ ಮದ್ಯಕ್ಕಾಗಿ ಒಂದು ಕಿರುಜಾಹೀರಾತನ್ನು ಚಿತ್ರಿಸಿದನು. ರೈಲಿನಲ್ಲಿ ಕುಳಿತ ತರುಣಿಯೊಬ್ಬಳು ಕಿಟಕಿಯ ಹೊರಗಿನ ನೋಟಕ್ಕೆ ಬೇಸತ್ತು ದೂರದರ್ಶನದ ಗುಂಡಿಗಳನ್ನು ಒತ್ತುವಂತೆ ಒತ್ತಿ ನೋಟಗಳನ್ನು ಬದಲಿಸುತ್ತಾಳೆ. ಯಾವುದೂ ಅವಳಿಗೆ ಹಿಡಿಸುವುದಿಲ್ಲ. ಕೊನೆಗೆ ಪೀಸಾ ನಗರದ ವಾಲುಗೋಪುರದ ಪಕ್ಕದಲ್ಲಿ ಎತ್ತರವಾಗಿ ನಿಂತ ಕಂಪಾರಿ ಸೀಸೆ ಕಂಡಾಗ ಮಾತ್ರ ಅವಳ ಮುಖ ಅರಳುತ್ತದೆ. ಅದೇ ಕಾಲದಲ್ಲಿ ಈ ಫೆಲ್ಲಿನಿಯು ಖಾಸಗಿ ವಾಹಿನಿಗಳು ಚಲನಚಿತ್ರಗಳ ನಡುವೆ ಜಾಹೀರಾತುಗಳನ್ನು ತುರುಕುವುದನ್ನು ಬಹಿರಂಗವಾಗಿ ಖಂಡಿಸುತ್ತಿದ್ದನು. 1986ರ 'ಜಿಂಜರ್ ಮತ್ತು ಫ್ರೆಡ್' ಚಿತ್ರದಲ್ಲಿ ಆ ಹಾವಳಿಯನ್ನು ಅಣಕಿಸಿದನು. ತನ್ನ ಕೃತಿಯನ್ನು ಕತ್ತರಿಸಿದಾಗ ಕಲಾವಿದನಿಗೆ ನೋವಾಗುತ್ತದೆ. ಕುಡುಕ ತಂದೆಯ ಮನೆಯಲ್ಲಿ ಕತ್ತರಿಸಿಹೋಗುವ ಸಂಸಾರದ ನೋವು ಆ ಜಾಹೀರಾತಿನ ಯಾವ ನೋಟದಲ್ಲಿಯೂ ಕಾಣಿಸುವುದಿಲ್ಲ.

ಅಮೆರಿಕದಲ್ಲಿ ಸಭ್ಯತೆಯ ಮುಸುಕೂ ಉಳಿಯಲಿಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿನ ಕಂಪಾರಿ ಜಾಹೀರಾತುಗಳು ಪ್ರಸಿದ್ಧ ನಟನಟಿಯರಿಂದ ತಮ್ಮ 'ಮೊದಲ ಸಲ'ದ ಅನುಭವವನ್ನು ಹೇಳಿಸಿದವು. ಮೊದಲ ಸಲ ಕುಡಿದುದರ ಮಾತೆಂದು ಕೊನೆಯಲ್ಲಿ ತಿಳಿಯುತ್ತದೆ. ಅಲ್ಲಿಯವರೆಗೆ ಓದುಗನು ಬೇರೇನನ್ನೋ ಊಹಿಸಲೆಂದೇ ಮಾತುಗಳನ್ನು ಜೋಡಿಸಲಾಗಿತ್ತು. 1983ರಲ್ಲಿ 'ಹಸ್ಲರ್' ಎಂಬ ಅಶ್ಲೀಲ ಪತ್ರಿಕೆಯು ಅದೇ ಮಾದರಿಯಲ್ಲಿ ಜೆರ್ರಿ ಫಾಲ್ವೆಲ್ ಎಂಬ ಧರ್ಮೋಪದೇಶಕನ ಮೇಲೆ, ಅವನ ಹೆತ್ತ ತಾಯಿಯನ್ನೂ ಎಳೆದುತಂದು, ಹೇಸಿಗೆಯ ಅಣಕವೊಂದನ್ನು ಪ್ರಕಟಿಸಿತು. ಅವನು ದಾವೆ ಹೂಡಿದನು. 1988ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವಾಕ್ಸ್ವಾತಂತ್ರ್ಯದ ಆಧಾರದ ಮೇಲೆ ಒಮ್ಮತದಿಂದ ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ಕಾನೂನಿನ ವಿದ್ಯಾರ್ಥಿಗಳಿಗೆ ಅದೊಂದು ಪ್ರಸಿದ್ಧ ಪ್ರಕರಣ. ಶೀಲದ ದೃಷ್ಟಿಯಿಂದ ನೋಡುವ ನಮಗೆ ಅದರಲ್ಲಿ ಬೇರೊಂದು ಪಾಠವಿದೆ. ಅಣಕವನ್ನು ಕುರಿತು ದೇಶವೆಲ್ಲ ಚರ್ಚಿಸಿತು. ಅಂತಹ ಅಣಕಕ್ಕೆ ಅಚ್ಚು ಒದಗಿಸಿದ ಮೂಲ ಜಾಹೀರಾತು ಚರ್ಚೆಯ ಹೊರಗೇ ಉಳಿಯಿತು.

ಆ ಬಣ್ಣ ಎಲ್ಲಿಂದ ಬಂತು?

ಇಲ್ಲಿಯವರೆಗೆ ಹೇಳಿದುದೆಲ್ಲವೂ ಕೆಂಪಿನ ಸುತ್ತ ತಿರುಗುತ್ತದೆ. ಶತಮಾನಕ್ಕೂ ಮಿಕ್ಕಿ ಆ ಪೇಯಕ್ಕೆ ಕೆಂಪು ಕೊಟ್ಟದ್ದು ಯಾವ ಹಣ್ಣೂ ಅಲ್ಲ, ಹೂವೂ ಅಲ್ಲ. ಕೊಚಿನೀಲ್ ಎಂಬ ಕೀಟ. ಮೆಕ್ಸಿಕೊ, ಪೆರು, ಕೆನರಿ ದ್ವೀಪಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಈ ಕೀಟವನ್ನು ಸಾಕುತ್ತಾರೆ. ಹೆಣ್ಣುಹುಳುಗಳನ್ನು ಕೆರೆದು ತೆಗೆದು, ಬಿಸಿನೀರು, ಹಬೆ ಅಥವಾ ಬಿಸಿಲಿನಿಂದ ಕೊಂದು, ಒಣಗಿಸಿ, ಅರೆದು ಬಣ್ಣ ತೆಗೆಯುತ್ತಾರೆ. ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಒಣಕೀಟಕ್ಕೆ 70,000ದಷ್ಟು ಜೀವಗಳು ಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ದುದೊವಿಚ್‌ನ ಪ್ರೇಮಿಗಳ ಕೆಂಪಿಗೂ ಕಪ್ಪಿಯೆಲ್ಲೊವಿನ ಕುಳ್ಳನ ಕೆಂಪಿಗೂ ಮಾದರಿಯಾದ ಪೇಯದ ಬಣ್ಣ ಹೀಗೆ ಬಂದದ್ದು. ಕಿತ್ತಳೆಸಿಪ್ಪೆಯನ್ನು ಬರೆದ ಚಿತ್ರಕಾರರು ಕಳ್ಳಿಯ ಮೇಲಿನ ಹುಳುವನ್ನು ಬರೆಯಲಿಲ್ಲ.

2006ರ ಸುಮಾರಿಗೆ ಅನೇಕ ದೇಶಗಳ ಮಾರುಕಟ್ಟೆಯಲ್ಲಿ ಈ ಕೀಟದ ಬಣ್ಣವನ್ನು ಬಿಟ್ಟು ಕೃತಕ ಬಣ್ಣವನ್ನು ಬಳಸಲಾಯಿತು. ಆದ್ದರಿಂದ ಇನ್ನು ಆಕ್ಷೇಪಣೆಯೇನು ಎಂದು ಕೇಳುವವರಿದ್ದಾರೆ. ಹುಳು ಹೋದರೂ ಮದ್ಯ ಉಳಿಯಿತೆಂಬುದು ಮೊದಲ ಉತ್ತರ. ಎರಡನೆಯದು ಇನ್ನೂ ವಿಚಾರಾರ್ಹ. ಆ ಬದಲಾವಣೆ ಜೀವದಯೆಯ ಘೋಷಣೆಯಾಗಿ ಬರಲಿಲ್ಲ; ಅದಕ್ಕಾಗಿ ಯಾವ ಭಿತ್ತಿಪತ್ರವೂ ರಚಿತವಾಗಲಿಲ್ಲ. ನೂರು ವರ್ಷ ಬಣ್ಣವನ್ನೇ ಕೂಗಿ ಹೇಳಿದ ಪ್ರಚಾರವು ಬಣ್ಣದ ಮೂಲವನ್ನು ಕುರಿತು ಮೌನವಾಗಿಯೇ ಇತ್ತು. ಅಮೆರಿಕದಲ್ಲಿ ಕೊಚಿನೀಲ್ ಬಣ್ಣವನ್ನು ಆಹಾರಪದಾರ್ಥಗಳ ಚೀಟಿಯ ಮೇಲೆ ಹೆಸರು ಹೇಳಿ ನಮೂದಿಸಬೇಕೆಂಬ ನಿಯಮ ಜಾರಿಗೆ ಬಂದದ್ದೇ 2011ರಲ್ಲಿ. ಇಂದಿಗೂ ಇದು ಅನೇಕ ಸಿಹಿತಿನಿಸುಗಳಲ್ಲಿಯೂ ಪ್ರಸಾಧನಗಳಲ್ಲಿಯೂ ಬಳಕೆಯಲ್ಲಿದೆ; ಯೂರೋಪಿನ ಚೀಟಿಗಳಲ್ಲಿ ಇ-120 ಎಂಬ ಸಂಖ್ಯೆಯಾಗಿ ಅಡಗಿರುತ್ತದೆ. ವಿದೇಶದಿಂದ ಬಂದ ಪೊಟ್ಟಣವನ್ನು ಒಡೆಯುವ ಮುನ್ನ ಶ್ರಾವಕರು ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು.

ನಮ್ಮ ಆಚಾರ್ಯರಿಗೆ ಕೊಚಿನೀಲ್ ತಿಳಿದಿರಲಿಲ್ಲ. ಆದರೆ ಅರಗು ತಿಳಿದಿತ್ತು. ಅದೂ ಕೀಟದಿಂದ ಬರುವುದೇ. ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವ್ಯಾಪಾರಗಳನ್ನು ಎಣಿಸುವಾಗ ಹೇಮಚಂದ್ರಾಚಾರ್ಯರೂ ಪಂಡಿತ ಆಶಾಧರರೂ ಲಾಕ್ಷಾವಾಣಿಜ್ಯವನ್ನು ಒಂದೆಂದೂ, ಮದ್ಯಾದಿಗಳ ರಸವಾಣಿಜ್ಯವನ್ನು ಇನ್ನೊಂದೆಂದೂ ಹೇಳಿದ್ದಾರೆ. ಕೀಟದ ಕೆಂಪನ್ನೂ ಮದ್ಯವನ್ನೂ ಒಂದೇ ಸೀಸೆಯಲ್ಲಿ ತುಂಬಿದ ಈ ವ್ಯಾಪಾರವನ್ನು ಅವರು ಕಂಡಿದ್ದರೆ ಹೊಸ ಹೆಸರನ್ನು ಹುಡುಕಬೇಕಾಗುತ್ತಿರಲಿಲ್ಲ.

ಹೊಣೆ ಯಾರದು?

ಚಿತ್ರ ಬರೆದವನು ಕುಡಿಸಲಿಲ್ಲ, ಕುಡಿದವನು ಸ್ವಂತ ಇಚ್ಛೆಯಿಂದ ಕುಡಿದನು ಎಂಬುದು ಜಾಹೀರಾತಿನ ಪರವಾಗಿ ಸದಾ ಕೇಳಿಬರುವ ಮಾತು. ಚಿತ್ರದಿಂದ ಕುಡಿತ ಹೆಚ್ಚುವುದಿಲ್ಲವಾದರೆ ನೂರು ವರ್ಷಗಳ ಕಾಲ ಅದಕ್ಕೆ ಹಣ ಸುರಿದ ವ್ಯಾಪಾರಿಯನ್ನು ಮೂಢನೆನ್ನಬೇಕಾಗುತ್ತದೆ. ಅವನು ಮೂಢನಲ್ಲ. ಕರ್ಮಾಸ್ರವದ ಭೇದಗಳನ್ನು ಹೇಳುವ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಾನೇ ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಎಂಬ ಮೂರನ್ನೂ ಒಂದೇ ಸಾಲಿನಲ್ಲಿರಿಸಿದೆ. ಸಂಕಲ್ಪ, ಸಿದ್ಧತೆ, ಆಚರಣೆಗಳ ಮೂರು ಹಂತ, ಮನೋವಾಕ್ಕಾಯಗಳು, ಕೃತ ಕಾರಿತ ಅನುಮತಗಳು, ನಾಲ್ಕು ಕಷಾಯಗಳು ಇವನ್ನು ಗುಣಿಸಿದಾಗ ಬರುವ 108 ಭೇದಗಳಲ್ಲಿ ಸೀಸೆಯನ್ನು ತುಟಿಗಿಟ್ಟವನದು ಒಂದು ಪಾಲು ಮಾತ್ರ. ಜಾಹೀರಾತು ಬರೆಸಿದವನೂ ಬರೆದವನೂ ಮೆಚ್ಚಿ ತೂಗುಹಾಕಿದವನೂ ಉಳಿದ ಮನೆಗಳಲ್ಲಿ ತಮ್ಮ ತಮ್ಮ ಸ್ಥಾನವನ್ನು ಕಂಡುಕೊಳ್ಳಬಹುದು. ಅನರ್ಥದಂಡಗಳಲ್ಲಿ ಪಾಪೋಪದೇಶ, ದುಃಶ್ರುತಿ ಎಂಬವು ಯಾವುವೆಂದು ಇಂದಿನ ಯುವಕರು ಕೇಳಿದರೆ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಇಟಲಿಯ ಅಪೆರಿಟಿವೊ ಮಿತಪಾನದ ಸಂಪ್ರದಾಯ, ತಿಂಡಿಯೊಡನೆ, ಗೆಳೆಯರೊಡನೆ ಸ್ವಲ್ಪವೇ ಕುಡಿಯುವ ಪದ್ಧತಿ ಎಂಬ ಮಾತೂ ಇದೆ. ಆ ನಾಡಿನ ಜನರ ನಡತೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಮಿತಿಯನ್ನು ಹೇಳುವ ಜಾಹೀರಾತು ಯಾವುದು? ಒಂದು ಬಟ್ಟಲಿಗೆ ನಿಲ್ಲಿಸು ಎಂದು ಆ ಕುಳ್ಳನು ಎಲ್ಲಿ ಹೇಳಿದನು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯಪಾನವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದವುಗಳ ವರ್ಗಕ್ಕೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಸಾರಿತು. 2019ನೆಯ ಇಸವಿಯೊಂದರಲ್ಲಿಯೇ ಮದ್ಯದಿಂದ ಜಗತ್ತಿನಲ್ಲಿ 26 ಲಕ್ಷ ಜನ ಸತ್ತರೆಂಬುದು ಅದರ ಅಂದಾಜು. ಫ್ರಾನ್ಸ್ ದೇಶವು 1991ರ ಕಾನೂನಿನಿಂದ ದೂರದರ್ಶನದಲ್ಲಿಯೂ ಚಿತ್ರಮಂದಿರಗಳಲ್ಲಿಯೂ ಮದ್ಯದ ಜಾಹೀರಾತನ್ನು ನಿಷೇಧಿಸಿತು; ಇಟಲಿಯೂ 2001ರಲ್ಲಿ ಮಕ್ಕಳ ಕಾರ್ಯಕ್ರಮಗಳ ಸಮಯದಲ್ಲಿ ಅದನ್ನು ತಡೆಯಿತು. ಕಲೆಯ ತವರೆನಿಸಿದ ನಾಡುಗಳೇ ಈ ಕಲೆಗೆ ಬೇಲಿ ಹಾಕಬೇಕಾಯಿತು.

ಬೇಲಿ ಹಾಕಿದಲ್ಲೆಲ್ಲ ಸಂದಿ ಹುಡುಕುವುದೂ ಪ್ರಚಾರದ ಗುಣ. 2000ದಿಂದ ಹಲವು ವರ್ಷ ಕಂಪಾರಿಯು ಚಿತ್ರತಾರೆಯರ ಛಾಯಾಚಿತ್ರಗಳ ದಿನದರ್ಶಿಕೆಯನ್ನು ಅಚ್ಚುಹಾಕಿಸಿತು. 2017ರಲ್ಲಿ ಪಾವೊಲೊ ಸೊರೆಂತಿನೊ ಎಂಬ ಪ್ರಶಸ್ತಿವಿಜೇತ ನಿರ್ದೇಶಕನಿಂದ ಕಿರುಚಿತ್ರವನ್ನೇ ಮಾಡಿಸಿತು. 2010ರಲ್ಲಿ ಹಳೆಯ ಕಾರ್ಖಾನೆಯ ಆವರಣದಲ್ಲಿ ತನ್ನ ಜಾಹೀರಾತುಗಳಿಗೇ ವಸ್ತುಸಂಗ್ರಹಾಲಯವೊಂದನ್ನು ತೆರೆಯಿತು. ಕಾನೂನು ಜಾಹೀರಾತನ್ನು ತಡೆಯಬಹುದು, ಕಲಾಪ್ರದರ್ಶನವನ್ನು ಹೇಗೆ ತಡೆದೀತು?

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧದತ್ತ ಸಾಗುವಂತೆ ಸರಕಾರಗಳಿಗೆ ನಿರ್ದೇಶಿಸಿದೆ. ಕೇಬಲ್ ವಾಹಿನಿಗಳ 1994ರ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿವೆ. ಆದರೂ ಮದ್ಯದ ಹೆಸರುಗಳು ಸೋಡಾ, ಕುಡಿಯುವ ನೀರು, ಸಂಗೀತದ ಮುದ್ರಿಕೆಗಳ ವೇಷದಲ್ಲಿ ಮನೆಮನೆಗೆ ಬಂದವು. 2008ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ ವಿಸ್ಕಿಯೊಂದರ ಹೆಸರನ್ನನುಸರಿಸಿ ನಾಮಕರಣವಾಯಿತು. ಆ ಹೆಸರನ್ನು ಎದೆಯ ಮೇಲೆ ಧರಿಸಿ ಕುಣಿಯುವ ಬಾಲಕನಿಗೆ ಅದರ ಮೂಲ ತಿಳಿಯದು. ಮಿಲಾನಿನ ಸುರಂಗದಲ್ಲಿ ಮುನಾರಿ ಮಾಡಿದ ಯುಕ್ತಿಯೂ ಇದೇ. ಹೆಸರು ಮನಸ್ಸಿನಲ್ಲಿ ಉಳಿದರೆ ಸಾಕು, ಸೀಸೆ ತಾನಾಗಿಯೇ ಹಿಂದೆ ಬರುತ್ತದೆ.

ಆದ್ದರಿಂದ ಕುಟುಂಬಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ. ಮದ್ಯದ ಭಿತ್ತಿಪತ್ರ ಎಷ್ಟೇ ಹಳೆಯದಾಗಿರಲಿ, ಎಷ್ಟೇ ಸುಂದರವಾಗಿರಲಿ, ಮನೆಯ ಗೋಡೆಗೆ ಬೇಡ. ಪಂಚಕಲ್ಯಾಣದ ಸ್ಮರಣಸಂಚಿಕೆಗಾಗಲಿ, ಯುವಕರ ಕ್ರೀಡಾಕೂಟಕ್ಕಾಗಲಿ ಮದ್ಯದ ಹೆಸರನ್ನು ಹೊತ್ತ ಸೋಡಾ, ನೀರುಗಳ ಜಾಹೀರಾತಿನ ಹಣ ಬಂದರೆ, ರಸೀದಿ ಹರಿಯುವ ಮುನ್ನ ಅದು ಯಾರ ಹೆಸರೆಂದು ವಿಚಾರಿಸಿರಿ. ವಿನ್ಯಾಸ, ಚಲನಚಿತ್ರ, ಜಾಹೀರಾತುಗಳ ವಿದ್ಯೆಯನ್ನು ಕಲಿಯುವ ಮಕ್ಕಳಿಗೆ ಕಪ್ಪಿಯೆಲ್ಲೊವಿನ ರೇಖೆಯನ್ನೂ ಮುನಾರಿಯ ಅಕ್ಷರವನ್ನೂ ಅಭ್ಯಾಸ ಮಾಡಬೇಡಿ ಎಂದು ಹೇಳುವುದು ಸರಿಯಲ್ಲ, ವಿದ್ಯೆಗೆ ದ್ವೇಷವಿರಬಾರದು. ಆದರೆ ನಾಳೆ ಅಂತಹ ಚಿತ್ರವನ್ನು ಬರೆದುಕೊಡಲು ಕೈತುಂಬ ಸಂಬಳದ ಕರೆ ಬಂದಾಗ ಬೇಡವೆನ್ನುವ ಬಲವನ್ನು ಇಂದೇ ಅವರಿಗೆ ಕೊಡಬೇಕು. ದೆಪೆರೊವಿಗೂ ಫೆಲ್ಲಿನಿಗೂ ಪ್ರತಿಭೆಯಿತ್ತು, ಕೀರ್ತಿಯಿತ್ತು. ಬೇಡವೆಂದಿದ್ದರೆ ಅವರ ಊಟಕ್ಕೆ ಕೊರತೆಯಾಗುತ್ತಿರಲಿಲ್ಲ. ಬೇಡವೆನ್ನಬಹುದಾಗಿದ್ದವರು ಹೂಂ ಎಂದದ್ದರಿಂದಲೇ ಆ ಮದ್ಯಕ್ಕೆ ಗೌರವ ಬಂದಿತು. ನಮ್ಮ ಮನೆಯ ಮಕ್ಕಳು ಅಂತಹ ಗೌರವವನ್ನು ಯಾವ ಮದ್ಯಕ್ಕೂ ದಾನ ಮಾಡದಿರಲಿ.